ಬಾಗಿಲವನಿಗೆ ಉಗಿಯುವ ಭಾನುವಾರ

ಅವರ ಮಣ್ಣಿಗೆ ನಮ್ಮ ವಠಾರದವರು ಒಬ್ಬರೂ ಹೋಗಲಿಲ್ಲ. ವಠಾರವೇ ಇಲ್ಲವಾಗಿ ವರ್ಷಗಳಾದವು. ಹಲಸೂರು ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಅದಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ ನಿಂತಿದೆ. ಕೆಳಗೆ ಕಾರುಗಳು, ಮೇಲೆ ಬಾಲ್ಕನಿಗಳಲ್ಲಿ ನೀರು ಕಾಣದ ತುಳಸಿ. ಆದರೂ ಅವರು ಹೋದ ಸುದ್ದಿ ಬಂದ ಬೆಳಿಗ್ಗೆ ಲಿಂಗರಾಜಪುರ, ಜೋಗುಪಾಳ್ಯ, ಶಿವಾಜಿನಗರ ಎಂದು ಚೆದುರಿಹೋಗಿದ್ದ ನಾವೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿಕೊಂಡೆವು. ಯಾರಾದರೂ ಹೋಗುತ್ತಾರೋ ಎಂದು ಕೇಳಲು ಅಲ್ಲ, ಯಾರೂ ಹೋಗುತ್ತಿಲ್ಲ ತಾನೆ ಎಂದು ಖಾತ್ರಿ ಮಾಡಿಕೊಳ್ಳಲು. ವಠಾರದ ಬಾಗಿಲಲ್ಲಿ ಇಡ್ಲಿ ಮಾರುತ್ತಿದ್ದ ಸೆಲ್ವಿ ಅಕ್ಕ ನನ್ನ ಮಾತು ಮುಗಿಯುವುದಕ್ಕೂ ಬಿಡಲಿಲ್ಲ.

“ನಾನ್ ಯಾಕಮ್ಮಾ ಹೋಗ್ಲಿ? ಅವ್ರು ನಮ್ಮೆಲ್ರಿಗೂ ಅವತ್ತೇ ಮಣ್ಣು ಹಾಕ್ಬಿಟ್ರಲ್ಲ. ಮುಗೀತು, ಬಿಡು.”

ನಾನೂ ಹೋಗಲಿಲ್ಲ. ಇಂದಿರಾನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ. ಆ ದಿನವೂ ಎಂದಿನಂತೆ ಬಂದವರ ಹೆಸರು ಕರೆಯುತ್ತ ಕೂತಿದ್ದೆ. ಅವರ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆ ಶುಕ್ರವಾರದ ನಂತರ ವಠಾರದವರ ಬಾಯಲ್ಲಿ ಅವರ ಹೆಸರು ಬಂದದ್ದಿಲ್ಲ, ಹಾಗಂತ ಯಾರೂ ಕೂತು ತೀರ್ಮಾನ ಮಾಡಿದ್ದೂ ಇಲ್ಲ. ಅವರು ಓದುತ್ತಿದ್ದ ಪುಸ್ತಕದ ಹೆಸರೂ ಬೇಡ. ಅದನ್ನು ಮೆಚ್ಚಿದವರು ಎಲ್ಲಾದರೂ ಇದ್ದರೆ ಅವರ ಪಾಲಿಗೆ ಅದು ಚೆನ್ನಾಗಿಯೇ ಇರಲಿ.

ನಾವು ಮಕ್ಕಳು ಅವರನ್ನು ಕಥೆ ಮಾಮ ಎನ್ನುತ್ತಿದ್ದೆವು. ವಿಮಾನಪುರದ ಕಡೆ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ, ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಹೆಂಡತಿ ಬೇಗ ತೀರಿಕೊಂಡಿದ್ದರು, ಒಬ್ಬಳೇ ಮಗಳು. ಸಣಕಲು ಮೈ, ದೊಡ್ಡ ಗಂಟಲು. ಆ ಗಂಟಲು ದೇವರು ಯಾರಿಗೋ ಕೊಡಬೇಕಾದದ್ದನ್ನು ತಪ್ಪಿ ಇವರಿಗೆ ಕೊಟ್ಟ ಎಂದು ನನ್ನಮ್ಮ ನಗುತ್ತಿದ್ದಳು. ಅವರ ಮನೆಯ ಗೋಡೆ ಅಲಮಾರಿನಲ್ಲಿ ಇದ್ದದ್ದು ನಾಲ್ಕೇ ಪುಸ್ತಕ; ಒಂದೇ ಕಥೆಯ ನಾಲ್ಕು ಸಂಪುಟ. ಎರಡು ಸಾವಿರ ವರ್ಷದ ಹಿಂದೆ ನದಿಯ ದಂಡೆಯಲ್ಲಿದ್ದ ಒಂದು ಕೋಟೆಯ ಪಟ್ಟಣ, ದೋಣಿಗಳಲ್ಲಿ ಬಂದಿಳಿಯುವ ಯವನರು, ಕಚ್ಚಾಡುವ ಇಬ್ಬರು ರಾಜಕುಮಾರರು, ಅವರ ನಡುವೆ ಸಿಕ್ಕಿಬಿದ್ದು ಕೊನೆಗೆ ಇಬ್ಬರಿಗಿಂತ ದೊಡ್ಡವಳಾಗುವ ಒಬ್ಬ ನೇಕಾರರ ಹುಡುಗಿ. ಯುಗಾದಿ ಕಳೆದ ಭಾನುವಾರ ಮೊದಲ ಪುಟ, ದಸರೆಯ ಹೊತ್ತಿಗೆ ಕೊನೆಯ ಪುಟ. ಮಾರನೆಯ ವರ್ಷ ಮತ್ತೆ ಅದೇ.

“ಅದನ್ನೇ ಎಷ್ಟ್ ಸಲ ಓದ್ತೀರಾ ಮಾಮ?” ಎಂದು ನಾನು ಒಮ್ಮೆ ಕೇಳಿದ್ದೆ.

“ನಿಮ್ಮಮ್ಮ ದಿನಾ ಅದೇ ಸಾರು ಮಾಡ್ತಾಳಲ್ಲ, ಊಟ ಬಿಟ್ಟಿದ್ದೀಯಾ ನೀನು?”

ಭಾನುವಾರ ನಾಲ್ಕು ಗಂಟೆಗೆ ಅಂಗಳದ ಬಾವಿಯ ಪಕ್ಕ ಅವರ ಮಡಿಸುವ ಕುರ್ಚಿ ಬರುತ್ತಿತ್ತು. ಕೈ ತೊಳೆದು, ಪಂಚೆಯ ತುದಿಯಲ್ಲಿ ಒರೆಸಿ, ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಹೊದಿಕೆ ಹಾಕಿದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಓದುವುದು ಕನ್ನಡದಲ್ಲಿ. ಆದರೆ ಕೂತವರಲ್ಲಿ ಅರ್ಧ ಜನಕ್ಕೆ ಪುಸ್ತಕದ ಕನ್ನಡ ಪೂರ್ತಿ ಹತ್ತದು. ಅದಕ್ಕೇ ಪ್ಯಾರಾಕ್ಕೊಮ್ಮೆ ನಿಲ್ಲಿಸಿ ಸೆಲ್ವಿ ಅಕ್ಕನ ಕಡೆ ತಿರುಗಿ, “ಅಮ್ಮಾ, ಪೆರಿಯ ರಾಜಾ ಸೆತ್ತುಟ್ಟಾರು” ಎನ್ನುವರು. ದೊಡ್ಡ ರಾಜ ಸತ್ತನೆಂದು ಸೆಲ್ವಿ ಅಕ್ಕ ಸೆರಗು ಬಾಯಿಗೊತ್ತಿಕೊಳ್ಳುವಳು. ಆಮೇಲೆ ಎದುರು ಮನೆಯ ಪರದೆಯ ಕಡೆ ತಿರುಗಿ, “ಬಹೆನ್‌ಜಿ, ಬಾದ್‌ಶಾ ಮರ್‌ಗಯಾ” ಎಂದು ಒಂದು ಪಟ್ಟು ಜೋರಾಗಿ ಹೇಳುವರು. ಪರದೆಯ ಹಿಂದಿನಿಂದ ಮೆಹರುನ್ನೀಸಾ ಖಾಲಾ, “ಹಾಯ್ ಅಲ್ಲಾ, ಛೋಟಾ ಏನ್ ಮಾಡ್ತಾನೆ ಈಗ?” ಎಂದು ಕೇಳುವರು. ಖಾಲಾ ಒಂದು ಭಾನುವಾರವೂ ಹೊರಗೆ ಬಂದು ಕೂತದ್ದಿಲ್ಲ, ಒಂದು ಭಾನುವಾರವೂ ತಪ್ಪಿಸಿಕೊಂಡದ್ದೂ ಇಲ್ಲ. ಅವರ ಗಂಡ ದರ್ಜಿ. ಹೊಲಿಗೆ ಯಂತ್ರದ ಕಾಲು ಆ ಹೊತ್ತಿನಲ್ಲಿ ನಿಲ್ಲುತ್ತಿತ್ತು.

ಪುಸ್ತಕವನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಒಂದು ವಾರಕ್ಕೆ ಮೊದಲ ಸಂಪುಟ ಕೊಡಿ ಎಂದು ಗೋಗರೆದೆ. “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ” ಎಂದು ಅಲಮಾರಿನ ಬಾಗಿಲು ಹಾಕಿಬಿಟ್ಟರು. ಹಾಗಾಗಿ ನನಗೆ ಆ ಕಥೆ ಎಂದರೆ ಅವರ ಗಂಟಲು. ನೇಕಾರರ ಹುಡುಗಿಗೆ ನನ್ನ ಮನಸ್ಸಿನಲ್ಲಿ ಮುಖ ಇತ್ತು, ಧ್ವನಿ ಮಾತ್ರ ಅವರದೇ. ಅದರಲ್ಲಿ ತಮಾಷೆಯೇನೂ ಕಾಣುತ್ತಿರಲಿಲ್ಲ ನನಗೆ.

ಅಳುತ್ತಿದ್ದರು ಕೂಡ, ಧಾರಾಳವಾಗಿ. ಮುತ್ತಿಗೆಯ ಕಾಲದಲ್ಲಿ ಪಟ್ಟಣದ ಜನ ಹಸಿದು ಹಗ್ಗ ಬೇಯಿಸಿ ತಿನ್ನುವ ಕಡೆ ಅವರ ಕನ್ನಡಕ ಮಂಜಾಗುತ್ತಿತ್ತು. ಅದನ್ನು ತೆಗೆದು ಒರೆಸುತ್ತ ನಮ್ಮನ್ನು ನೋಡಿ ಹೇಳುವರು: “ಸಾವಿರಾರು ವರ್ಷದ್ ಹಿಂದಿನೋರಿಗೆ ಅಳೋಕ್ ಬರ್ಲಿಲ್ಲ ಅಂದ್ರೆ ಪಕ್ಕದ್ ಮನೆಯೋರಿಗೆ ಹೆಂಗ್ರೋ ಅಳ್ತೀರಾ?” ಈ ಮಾತನ್ನು ನಾನು ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಈಗ ಅದು ನೆನಪಾದರೆ ಮೈ ಉರಿಯುತ್ತದೆ.

ನಾಲ್ಕನೆಯ ಸಂಪುಟದಲ್ಲಿ ಬಾಗಿಲವನು ಬರುತ್ತಾನೆ. ಪಟ್ಟಣದ ಪಡುವಣ ಬಾಗಿಲ ಕಾವಲುಗಾರ. ಪುಸ್ತಕದಲ್ಲಿ ಅವನಿಗೆ ಹೆಸರೇ ಇಲ್ಲ. ತಿಂಗಳುಗಟ್ಟಲೆ ಗೋಡೆಯ ಮೇಲೆ ನಿಂತು ಕಾದಾಡಿದ ಜನ ನಿದ್ದೆಯಲ್ಲಿರುವಾಗ ಅವನು ಒಳಗಿನಿಂದ ಅಗುಳಿ ತೆಗೆದುಬಿಡುತ್ತಾನೆ, ಶತ್ರುಗಳು ನುಗ್ಗುತ್ತಾರೆ, ನೇಕಾರರ ಕೇರಿ ಹೊತ್ತಿ ಉರಿಯುತ್ತದೆ. ಆ ಅಧ್ಯಾಯ ಶ್ರಾವಣದ ಹೊತ್ತಿಗೆ ಬರುತ್ತಿತ್ತು. ಅವತ್ತು ಓದು ಶುರುವಾಗುವ ಮುಂಚೆಯೇ ನಾವು ಮಕ್ಕಳೆಲ್ಲ ಬಾಯಲ್ಲಿ ಎಂಜಲು ಕೂಡಿಸಿಕೊಂಡು ಚರಂಡಿಯ ಪಕ್ಕ ಸಾಲಾಗಿ ಕೂರುತ್ತಿದ್ದೆವು. ಅಗುಳಿ ಸರಿದ ಸಾಲು ಓದಿ ಮುಗಿಸಿ ಅವರು ಪುಸ್ತಕವನ್ನು ತೊಡೆಗೆ ಬೋರಲು ಹಾಕಿ, “ಉಗೀರೋ ಅವನ್ ಮುಖಕ್ಕೆ!” ಎಂದು ಗುಡುಗುವರು. ನಾವು ಥೂ ಎಂದು ಒಟ್ಟಿಗೆ ಚರಂಡಿಗೆ ಉಗಿಯುತ್ತಿದ್ದೆವು. ಸೆಲ್ವಿ ಅಕ್ಕ ಉಗಿಯುತ್ತಿದ್ದಳು. ಪರದೆಯ ಹಿಂದೆ ಖಾಲಾ ತಮ್ಮ ಎಲೆಯಡಿಕೆ ಉಗುಳುವ ಡಬ್ಬಿಗೆ ಉಗಿದದ್ದು ಟಣ್ ಎಂದು ಕೇಳುತ್ತಿತ್ತು. ಕೊನೆಗೆ ಅವರೂ ಒಮ್ಮೆ ಉಗಿದು, ಬಾಯಿ ತೊಳೆದು ಬಂದು, ಉರಿಯುವ ಕೇರಿಯ ಕಥೆ ಓದುವರು. ಹೋಳಿಗೆ ಇಲ್ಲದ ಹಬ್ಬ ಅದು ನಮಗೆ.

ದೊಡ್ಡವಳಾದ ಮೇಲೆ ಒಂದು ವರ್ಷ, “ಅವ್ನು ಯಾಕ್ ಮಾಮ ತೆಗ್ದ ಬಾಗ್ಲು? ಕಾರಣ ಏನೂ ಬರೆದಿಲ್ವಾ?” ಎಂದು ಕೇಳಿದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಕಥೇಲಿ ಒಬ್ಬನಾದ್ರೂ ಪೂರ್ತಿ ಕೆಟ್ಟೋನು ಇರ್ಬೇಕಮ್ಮ. ಇಲ್ದಿದ್ರೆ ಕೇಳೋರು ಎದ್ದೋಗ್ತಾರೆ” ಎಂದರು.

ಈಗ ನಮ್ಮ ಬಾಗಿಲಿನ ವಿಷಯ. ವಠಾರಕ್ಕೆ ಎರಡು ರೆಕ್ಕೆಯ ದೊಡ್ಡ ಮರದ ಬಾಗಿಲಿತ್ತು, ಅದರೊಳಗೇ ಬಗ್ಗಿ ದಾಟುವ ಸಣ್ಣ ದಿಡ್ಡಿ ಬಾಗಿಲು. ನಾವೆಲ್ಲ ಓಡಾಡುವುದು ದಿಡ್ಡಿಯಲ್ಲಿ. ದೊಡ್ಡ ಬಾಗಿಲು ತೆಗೆಯುವುದು ಮದುವೆ ದಿಬ್ಬಣಕ್ಕೆ, ಹೆಣಕ್ಕೆ ಮತ್ತು ಅವ್ವಾರಿಗೆ. ಅವ್ವಾರು ಎಂದರೆ ವಠಾರದ ಯಜಮಾನರ ತಾಯಿ. ಹಲಸೂರಿನ ಹಳೇ ಒಕ್ಕಲು ಮನೆತನ ಅವರದು. ವಠಾರವಿದ್ದ ಜಾಗ ಹಿಂದೆ ಅವರ ಸೊಪ್ಪಿನ ತೋಟ, ಅಂಗಳದ ಬಾವಿ ತೋಟದ ಬಾವಿ. ವರ್ಷಕ್ಕೊಮ್ಮೆ ಶ್ರಾವಣದ ಒಂದು ಶುಕ್ರವಾರ ಅವ್ವಾರು ಬಂದು ಆ ಬಾವಿಗೆ ಅರಿಶಿನ ಕುಂಕುಮ ಇಟ್ಟು, ನಮ್ಮೆಲ್ಲ ಹೆಂಗಸರಿಗೂ ಬಳೆ ಕೊಟ್ಟು ಹೋಗುತ್ತಿದ್ದರು. ಖಾಲಾಗೂ ಹಸಿರು ಬಳೆ. ಅವತ್ತು ಅವ್ವಾರು ಬಗ್ಗಿ ಒಳಗೆ ಬರಬಾರದು, ಎರಡೂ ರೆಕ್ಕೆ ತೆಗೆದಿರಬೇಕು. ಬಾಗಿಲ ಪಕ್ಕದ ಮೊದಲ ಮನೆ ಮಾಮನದಾದ್ದರಿಂದ ದೊಡ್ಡ ಬಾಗಿಲ ಬೀಗದ ಕೈ ಅವರ ಹತ್ತಿರ.

ಯಜಮಾನರು ಹೋದ ಮೇಲೆ ಅವರ ಮಗ ಜಾಗವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೊಟ್ಟ. ಖಾಲಿ ಮಾಡಿ ಎಂದರು. ನಾವು ಎಲ್ಲ ಮನೆಯವರೂ ಸೇರಿ ಒಬ್ಬ ವಕೀಲರನ್ನು ಹಿಡಿದೆವು. ಅವರು ಅಂಗಳದಲ್ಲೇ ನಿಂತು ಎಲ್ಲರಿಗೂ ಬಿಡಿಸಿ ಹೇಳಿದರು: “ಈ ಸೋಮವಾರ ಅಲ್ಲ, ಮುಂದಿನ್ ಸೋಮವಾರ ಕೋರ್ಟಲ್ಲಿ ತಡೆ ಸಿಗುತ್ತೆ. ಅಲ್ಲೀತನಕ ದೊಡ್ಡ ಬಾಗ್ಲು ಮಾತ್ರ ತೆಗೀಬೇಡಿ. ಅವ್ರೇ ಒಡೆದು ನುಗ್ಗಿದ್ರೆ ತಪ್ಪು ಅವ್ರದ್ದಾಗುತ್ತೆ. ನೀವಾಗೇ ತೆಗೆದ್ರೆ, ಒಪ್ಕೊಂಡೇ ಖಾಲಿ ಮಾಡಿದ್ರು ಅಂತಾರೆ, ನನ್ ಕೈಲಿ ಏನೂ ಆಗಲ್ಲ.”

ಮಾಮ ಎದೆ ತಟ್ಟಿಕೊಂಡರು. “ಪಡುವಣ ಬಾಗ್ಲು ನನ್ದು. ನೀವು ನಿಶ್ಚಿಂತೆಯಾಗಿರಿ.”

ಎಲ್ಲರೂ ನಕ್ಕೆವು. ಆ ಭಾನುವಾರ ನಾಲ್ಕು ಗಂಟೆಗೆ ಎಂದಿನಂತೆ ಕುರ್ಚಿ ಬಂತು. ಸರಿಯಾಗಿ ಬಾಗಿಲವನ ಅಧ್ಯಾಯವೇ ಬಂದಿತ್ತು. ವಠಾರದಲ್ಲಿ ಮಕ್ಕಳು ಕಡಿಮೆಯಾಗಿದ್ದರು, ಆದರೆ ಆ ಸಲ ದೊಡ್ಡವರೇ ಚರಂಡಿಯ ಹತ್ತಿರ ನಿಂತು ಉಗಿದೆವು. ಅಮ್ಮ ಉಗಿದಳು. ನಾನು ಉಗಿದೆ. ಪಾರ್ಶ್ವವಾಯು ಬಡಿದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ ಖಾಲಾನ ಗಂಡ ಕೂಡ ಮಂಚದ ಮೇಲಿಂದಲೇ ಏನೋ ಸದ್ದು ಮಾಡಿದರಂತೆ. ಮಾಮನೂ ಉಗಿದರು. ಅವರ ಮುಖವನ್ನು ಆ ಹೊತ್ತಿನಲ್ಲಿ ನಾನು ಗಮನವಿಟ್ಟು ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡಲು ತಲೆ ಬಾಚುತ್ತಿದ್ದೆ. ಹೊರಗೆ ಕಾರಿನ ಹಾರನ್ನು. “ಅವ್ವಾರು ಬಂದ್ರು, ಅವ್ವಾರು!” ಎಂದು ಮಾಮನ ಗಂಟಲು. ಅಗುಳಿ ಸರಿದ ಸದ್ದು ಕೇಳಿ ನಾನು ಬಾಚಣಿಗೆ ಹಿಡಿದೇ ಓಡಿಬಂದೆ. ಎರಡೂ ರೆಕ್ಕೆ ಹಾರುಹೊಡೆದಿದ್ದವು. ಅವ್ವಾರು ಅರಿಶಿನದ ತಟ್ಟೆ ಹಿಡಿದು, ಮೊಣಕಾಲು ನೋವಿಗೆ ಒಂದೊಂದೇ ಹೆಜ್ಜೆ ಇಡುತ್ತ ಬಾವಿಯ ಕಡೆ ಬರುತ್ತಿದ್ದರು. ಅವರ ಕಾರಿನ ಬೆನ್ನಿಗೇ ಒಂದು ಲಾರಿ, ಲಾರಿಯ ಹಿಂದೆ ಜೆಸಿಬಿ. ಲಾರಿಯಿಂದಿಳಿದ ಗಂಡಸರು ಅವ್ವಾರ ಎರಡೂ ಪಕ್ಕದಿಂದ ಒಳಗೆ ನುಗ್ಗಿದರು. ಪಾಪ, ಆ ಮುದುಕಿಗೆ ಏನೂ ಹೇಳಿರಲಿಲ್ಲವೆಂದು ಕಾಣುತ್ತದೆ. ಹೆಂಚು ಬೀಳುವ ಸದ್ದಿಗೆ ತಟ್ಟೆ ಹಿಡಿದುಕೊಂಡು ಬಾವಿಯ ಹತ್ತಿರವೇ ನಿಂತುಬಿಟ್ಟರು.

ಖಾಲಾನ ಗಂಡನನ್ನು ಮಂಚ ಸಮೇತ ನಾಲ್ಕು ಜನ ಎತ್ತಿ ಆ ದೊಡ್ಡ ಬಾಗಿಲಿಂದ ಹೊರಗೆ ತಂದು ಸಂದಿಯಲ್ಲಿಟ್ಟರು. ಅಷ್ಟು ವರ್ಷ ಮನೆಯ ಪರದೆ ದಾಟದಿದ್ದ ಖಾಲಾ ತಲೆಯ ಮೇಲೆ ದುಪ್ಪಟ್ಟಾ ಇಲ್ಲದೆ ಮಾರ್ಕೆಟ್ಟಿನ ಜನರ ನಡುವೆ ಮಂಚದ ಕಾಲು ಹಿಡಿದು ಕೂತಿದ್ದರು. “ಹೆಣ ಹೋಗೋ ಬಾಗ್ಲಲ್ಲಿ ಜೀವ ಇರೋ ಮನುಷ್ಯನ್ನ ತಂದ್ರಲ್ಲ” ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ಗಂಡ ಮುಂದಿನ ರಂಜಾನ್ ನೋಡಲಿಲ್ಲ.

ಠಾಣೆಗೆ ಹೋದೆವು. “ಬಾಗ್ಲು ಒಡೆದ್ರಾ?” ಎಂದು ಕೇಳಿದರು. ಇಲ್ಲ ಎಂದೆವು. “ಮತ್ತೆ ಯಾರ್ ತೆಗೆದಿದ್ದು?”

ಇಷ್ಟಾದರೂ ನಾವು ಅವರನ್ನು ಬಿಟ್ಟುಬಿಡುತ್ತಿದ್ದೆವೋ ಏನೋ. ಅವ್ವಾರು ಬಂದರೆಂದು ಅಭ್ಯಾಸಬಲದಿಂದ ತೆಗೆದರು, ಮುದುಕರು, ಹಿಂದೆ ಲಾರಿ ಇದ್ದದ್ದು ಕಾಣಲಿಲ್ಲ ಎಂದು. ಅವರು ಹೇಳಿದ್ದೂ ಅದನ್ನೇ. ಆದರೆ ನಾವು ಠಾಣೆಯಿಂದ ವಾಪಸು ಬಂದಾಗ ಅವರ ಮನೆಯ ಗೋಡೆಯೂ ಅರ್ಧ ಬಿದ್ದಿತ್ತು. ಅಮ್ಮ ಸಾಮಾನು ಎತ್ತಿಕೊಡಲು ಒಳಗೆ ಹೋದವಳು ಅಲಮಾರಿನ ಮುಂದೆ ನಿಂತಳು. ಅದು ಖಾಲಿ.

“ಪುಸ್ತಕ ಎಲ್ರೀ?” ಎಂದಳು.

ಅವರು ತಲೆ ಎತ್ತಲಿಲ್ಲ. “ಮಗಳ್ ಮನೆಗ್ ಕಳ್ಸಿದ್ದೆ. ನೆನ್ನೆ.”

ಒಂದು ವಾರಕ್ಕೂ ಯಾರಿಗೂ ಕೊಡದಿದ್ದ ಪುಸ್ತಕ. ಅಮ್ಮ ಕೈಲಿದ್ದ ಅವರ ಪಾತ್ರೆಯ ಚೀಲವನ್ನು ಕೆಳಗಿಟ್ಟು ಹೊರಗೆ ಬಂದಳು. ಯಾರೂ ಬೈಯಲಿಲ್ಲ, ಯಾರೂ ಕೂಗಲಿಲ್ಲ. ಕೆ.ಆರ್. ಪುರದಲ್ಲಿ ಅವ್ವಾರ ಮೊಮ್ಮಗನದೇ ಒಂದು ಮನೆ ಅವರಿಗೆ ಇರಲು ಸಿಕ್ಕಿತೆಂದು ತಿಂಗಳೊಳಗೆ ಗೊತ್ತಾಯಿತು. ಆಗಲೂ ಯಾರೂ ಏನೂ ಅನ್ನಲಿಲ್ಲ. ಏನು ಅನ್ನುವುದು? ಅನ್ನಬೇಕಾದ್ದನ್ನೆಲ್ಲ ಅವರೇ ವರ್ಷಾ ವರ್ಷಾ ನಮ್ಮ ಬಾಯಲ್ಲಿ ಅನ್ನಿಸಿಯಾಗಿತ್ತು.

ನನಗಾದ ನಷ್ಟ ಖಾಲಾನ ನಷ್ಟದ ಮುಂದೆ ಏನೂ ಅಲ್ಲ, ಆದರೂ ಹೇಳುತ್ತೇನೆ. ನನ್ನ ಕಥೆ ಹೋಯಿತು. ಯುಗಾದಿ ಕಳೆದ ಭಾನುವಾರ ಬಂದರೆ ನಾಲ್ಕು ಗಂಟೆಗೆ ಕೈಕಾಲು ಆಡುತ್ತಿರಲಿಲ್ಲ. ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಸುತ್ತಿದೆ. ಮತ್ತೆ ಅಚ್ಚಾಗಿಲ್ಲ ಎಂದರು, ಕೆಲವರು ಹೆಸರೇ ಕೇಳಿಲ್ಲ ಎಂದರು. ಕೊನೆಗೆ ಎರಡು ವರ್ಷ ತಡೆದು, ಒಂದು ಶ್ರಾವಣದಲ್ಲಿ, ಮಾನ ಬಿಟ್ಟು ಅವರ ಮನೆಗೇ ಹೋದೆ. ಅವರನ್ನು ಕ್ಷಮಿಸಿ ಹೋದದ್ದಲ್ಲ. ಕಥೆಯ ಹಸಿವಿಗೆ ಹೋದೆ.

ಕೆ.ಆರ್. ಪುರದ ತೂಗುಸೇತುವೆ ದಾಟಿ ಒಳಗೆ, ಮೂರನೆಯ ಮಹಡಿ, ಸ್ವಚ್ಛ ಮನೆ, ಕಿಟಕಿಯಿಂದ ರೈಲು ಕಾಣುತ್ತಿತ್ತು. ಇನ್ನೂ ಸಣಕಲಾಗಿದ್ದರು. ಗಂಟಲು ಹಾಗೇ ಇತ್ತು. ನನ್ನನ್ನು ನೋಡಿ ಕುರ್ಚಿಯಿಂದ ಎದ್ದು, ಮತ್ತೆ ಕೂತು, ಮತ್ತೆ ಎದ್ದರು.

“ಅವ್ವಾರು ಬಂದಿದ್ರಮ್ಮ” ಎಂದರು, ನಾನು ಏನೂ ಕೇಳುವ ಮೊದಲೇ. “ಅವ್ವಾರಿಗೆ ಬಾಗ್ಲು ತೆಗೀದೇ ಇರೋಕಾಗುತ್ತಾ?”

“ಪುಸ್ತಕ ಹಿಂದಿನ್ ದಿನಾನೇ ಹೋಗಿತ್ತಲ್ಲ.”

ಅವರು ಒಳಗೆ ಹೋಗಿ ಕೈ ತೊಳೆದು ಬಂದರು. ನಾಲ್ಕನೆಯ ಸಂಪುಟ ತೆಗೆದು, ನನ್ನನ್ನು ಕೂರು ಎಂದೂ ಹೇಳದೆ, ಓದತೊಡಗಿದರು. ಯಾವ ಅಧ್ಯಾಯ ಎಂದು ಮೊದಲ ಸಾಲಿಗೇ ಗೊತ್ತಾಯಿತು. ಹೊರಟು ಬರಬೇಕಿತ್ತು. ಬರಲಿಲ್ಲ. ಎರಡು ವರ್ಷದ ಮೇಲೆ ಕೇಳುತ್ತಿದ್ದೆ, ಕಾಲು ಏಳಲಿಲ್ಲ. ಪಟ್ಟಣ ಮಲಗಿತು, ಬಾಗಿಲವನು ಮೆಟ್ಟಿಲಿಳಿದ, ಅಗುಳಿ ಸರಿಯಿತು. ಅವರು ಪುಸ್ತಕವನ್ನು ತೊಡೆಗೆ ಬೋರಲು ಹಾಕಿ ನನ್ನ ಕಡೆ ನೋಡಿದರು.

“ಉಗಿಯಮ್ಮ” ಎಂದರು.

ಎಂದಿನ ಗುಡುಗಲ್ಲ, ಮೆಲ್ಲಗೆ. ನಾನು ಅವರ ಮುಖವನ್ನೇ ನೋಡಿದೆ. ಎಂಥ ಮನುಷ್ಯ ಇವನು ಎನ್ನಿಸಿತು. ಅಷ್ಟೆಲ್ಲ ಮಾಡಿ ಬಂದು ಇನ್ನೂ ಆ ಬಾಗಿಲವನಿಗೆ ಉಗಿಸುತ್ತಾನಲ್ಲ, ನಾಚಿಕೆ ಎಂಬುದು ಒಂದಿಷ್ಟಾದರೂ ಬೇಡವೇ ಎಂದು. “ಉಗಿಯಮ್ಮ, ಯಾಕ್ ಸುಮ್ನಿದೀಯಾ?” ಎಂದು ಇನ್ನೊಮ್ಮೆ ಕೇಳಿದರು. ನನ್ನ ಬಾಯಿ ಒಣಗಿತ್ತು. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಬಂದುಬಿಟ್ಟೆ.

ಮನೆಗೆ ಬಂದರೆ ಅಮ್ಮನಿಗೆ ಹೇಗೋ ಗೊತ್ತಾಗಿತ್ತು. ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ನೀರು ಕುಡಿದ್ಯಾ?” ಇಲ್ಲ ಎಂದ ಮೇಲೆ ಊಟಕ್ಕೆ ಬಡಿಸಿದಳು. ಮುಂದೆ ಒಂದು ದಿನ ಅಮ್ಮನೂ ತೀರಿಕೊಂಡಳು. ಮಾಮ ಅವಳ ಮಣ್ಣಿಗೆ ಬರಲಿಲ್ಲ. ಬರುವ ಧೈರ್ಯ ಎಲ್ಲಿಂದ ಬರಬೇಕು?

ಅವರ ಮಣ್ಣಾಗಿ ಹದಿನೈದು ದಿನಕ್ಕೆ ಅವರ ಮಗಳು ಕ್ಲಿನಿಕ್ಕಿಗೆ ಬಂದಳು. ಹಲ್ಲು ತೋರಿಸಲು ಬಂದವರ ನಡುವೆ ಒಂದು ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. “ಅಪ್ಪ ಇದನ್ನ ನಿಮಗೇ ಕೊಡ್ಬೇಕು ಅಂತಿದ್ರು” ಎಂದಳು. ಕ್ಯಾಲೆಂಡರಿನ ಹೊದಿಕೆಯ ನಾಲ್ಕು ಸಂಪುಟ. ಅವಳಿಗೆ ಒಂದು ಲೋಟ ಟೀ ತರಿಸಿದೆ. ಕುಡಿದು ಎದ್ದು ಹೋದಳು.

ಹೀಗೆ ನನ್ನ ಪ್ರೀತಿಯ ಕಥೆಯನ್ನು ಮೊದಲ ಸಲ ನನ್ನ ಕಣ್ಣಿನಿಂದ ನಾನೇ ಓದಿದೆ. ಓದಿದೆ ಎಂದೆನಲ್ಲ, ಅದು ಸುಳ್ಳು. ಪುಟಪುಟದಲ್ಲೂ ಅವರ ಗಂಟಲೇ. ರಾಜ ಸತ್ತರೆ ತಮಿಳು ಕೇಳುತ್ತಿತ್ತು, ಹಿಂದೆಯೇ ದಖನಿ. ಸಿಟ್ಟಿನಲ್ಲಿ ಎರಡು ಸಲ ಪುಸ್ತಕ ಮುಚ್ಚಿಟ್ಟೆ. ಮೂರು ಸಂಪುಟ ಅವರು ಓದಿದ್ದಕ್ಕೂ ಅಚ್ಚಿನಲ್ಲಿ ಇದ್ದದ್ದಕ್ಕೂ ಒಂದು ಪದದ ವ್ಯತ್ಯಾಸವಿಲ್ಲ. ನಾಲ್ಕನೆಯದರಲ್ಲಿ ಅಗುಳಿ ಸರಿಯಿತು. ನಾನು ಪುಟ ತಿರುಗಿಸಿದೆ. ಮುಂದೆ ಕೇರಿ ಹೊತ್ತಿ ಉರಿಯಬೇಕು. ಉರಿಯಲಿಲ್ಲ. ಅಲ್ಲಿ ನಾನು ಎಂದೂ ಕೇಳದ ಎರಡು ಹಾಳೆ ಇದ್ದವು.

ಆ ಎರಡು ಹಾಳೆಯಲ್ಲಿ ಬಾಗಿಲವನ ಕಥೆ ಇದೆ. ಒಳಗೆ ಅವನ ಕುರುಡು ತಂದೆ ಹಸಿದು ಬಿದ್ದಿದ್ದಾನೆ. ಆನೆಗಳಿಂದ ಬಾಗಿಲು ಒಡೆಸಿದರೆ ಒಂದು ಜೀವವನ್ನೂ ಬಿಡುವುದಿಲ್ಲ, ನೀನಾಗಿ ತೆಗೆದರೆ ನಿನ್ನ ಮನೆಯನ್ನೂ ನೇಕಾರರ ಕೇರಿಯನ್ನೂ ಮುಟ್ಟುವುದಿಲ್ಲ ಎಂದು ಶತ್ರುಗಳ ದೂತ ಮಾತು ಕೊಟ್ಟಿದ್ದಾನೆ. ಅವನು ನಂಬುತ್ತಾನೆ. ಅವನ ಮನೆಯನ್ನು ಉಳಿಸಿ ಕೇರಿಗೆ ಬೆಂಕಿ ಇಡುತ್ತಾರೆ. ಅವನು ಬೀಗದ ಕೈ ಹಿಡಿದು ತೆರೆದ ಬಾಗಿಲಲ್ಲೇ ನಿಂತು, ಓಡಿಹೋಗುವ ಒಬ್ಬೊಬ್ಬರನ್ನೂ ತಡೆದು, ನನ್ನ ಮುಖಕ್ಕೆ ಉಗಿಯಿರಿ ಎಂದು ಬೇಡುತ್ತಾನೆ. ಯಾರಿಗೂ ನಿಲ್ಲಲು ಪುರುಸೊತ್ತಿಲ್ಲ. ಕೊನೆಗೆ ನೇಕಾರರ ಹುಡುಗಿ ನಿಲ್ಲುತ್ತಾಳೆ. ಅವನ ಗುರುತು ಹಿಡಿಯುತ್ತಾಳೆ. ಉಗಿಯುವುದಿಲ್ಲ. ಅವನ ಕೈಯಿಂದ ಬೀಗದ ಕೈ ತೆಗೆದುಕೊಂಡು, ಮನೆಗೆ ಹೋಗು, ನಿನ್ನ ತಂದೆ ಕಾಯುತ್ತಿದ್ದಾನೆ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತಾಳೆ.

ಉಗಿಯುವ ಹಬ್ಬವನ್ನು ಅವರು ಎಲ್ಲಿಂದ ತಂದರೆಂದು ಆಗ ಗೊತ್ತಾಯಿತು. ನಾವು ಚರಂಡಿಯ ಪಕ್ಕ ಉಗಿದು ಕುಣಿಯುತ್ತಿದ್ದ ವರ್ಷಗಳಿಂದಲೂ ಅವರು ಆ ಎರಡು ಹಾಳೆಯನ್ನು ಹಾರಿಸುತ್ತಲೇ ಬಂದಿದ್ದರು. ಆಗ ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಕೇಳುವವರು ಎದ್ದುಹೋಗಬಾರದು, ಅಷ್ಟೇ. ಕನಿಕರದ ಪುಟವನ್ನು ತಾವೇ ನುಂಗಿ, ಉಗುಳುವುದೊಂದನ್ನೇ ನಮಗೆ ಕಲಿಸಿದರು, ನಾವು ಚೆನ್ನಾಗಿ ಕಲಿತೆವು. ಕೆ.ಆರ್. ಪುರದ ಮನೆಯಲ್ಲಿ ಅವರು ಮೆಲ್ಲಗೆ ಬೇಡಿದ್ದು ಏನನ್ನು ಎಂದು ತಿಳಿದಾಗ ನನಗೆ ಅಳು ಬಂತು, ಅತ್ತದ್ದಕ್ಕೆ ನನ್ನ ಮೇಲೆಯೇ ಕೋಪ ಬಂತು. ಖಾಲಾನ ಗಂಡ ಮಂಚದ ಮೇಲೆ ಸಂದಿಯಲ್ಲಿ ಬಿದ್ದಿದ್ದನ್ನು ಕಂಡ ಕಣ್ಣು ಇದು.

ಒಬ್ಬಳೇ ಇಟ್ಟುಕೊಳ್ಳಲಾಗಲಿಲ್ಲ. ಮುಂದಿನ ಭಾನುವಾರ ನಾಲ್ಕನೆಯ ಸಂಪುಟ ಹಿಡಿದು ಲಿಂಗರಾಜಪುರಕ್ಕೆ ಹೋದೆ. ಖಾಲಾ ಮಗಳ ಮನೆಯ ಮೇಲಿನ ಕೋಣೆಯಲ್ಲಿದ್ದಾರೆ. ಕಣ್ಣು ಪೂರ್ತಿ ಮಂಜು, ಎಲೆಯಡಿಕೆ ಮಾತ್ರ ಬಿಟ್ಟಿಲ್ಲ. ಪುಸ್ತಕವನ್ನು ಅವರ ಕೈಗಿಟ್ಟೆ. ಕ್ಯಾಲೆಂಡರಿನ ನುಣುಪು ಹೊದಿಕೆಯನ್ನು ಸವರಿದರು.

“ಅವ್ರದ್ದಾ?”

“ಹೂಂ ಖಾಲಾ. ಓದ್ಲಾ?”

ಪುಸ್ತಕವನ್ನು ನನ್ನ ಕಡೆಗೆ ತಳ್ಳಿದರು. ಬೇಡವೆನ್ನುತ್ತಾರೆ ಎಂದುಕೊಂಡೆ. “ಎಷ್ಟ್ ವರ್ಷ ಆಯ್ತು ಬೇಟಿ, ಕಥೆ ಕೇಳಿ” ಎಂದರು. “ಬಾಗ್ಲೋನ್ ಬರ್ತಾನಲ್ಲ, ಅಲ್ಲಿಂದ ಓದು.”

ಓದಿದೆ. ನನ್ನ ಗಂಟಲು ಚಿಕ್ಕದು, ಆದರೂ ಅವರು ನಿಲ್ಲಿಸುತ್ತಿದ್ದ ಕಡೆ ನಿಲ್ಲಿಸಿ, ನನಗೆ ಬರುವ ಹರಕು ದಖನಿಯಲ್ಲಿ ಹೇಳುತ್ತ ಹೋದೆ. ಅಗುಳಿ ಸರಿಯಿತು. ಖಾಲಾ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡರು. ನಾನು ನಿಲ್ಲಿಸದೆ ಮುಂದಿನ ಹಾಳೆಗೆ ಹೋದೆ. ಕುರುಡು ತಂದೆ, ದೂತನ ಮಾತು, ಉಗಿಯಿರಿ ಎಂದು ಬೇಡುವವನು, ನೇಕಾರರ ಹುಡುಗಿ. ಖಾಲಾ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಕೊನೆಯ ಸಾಲಿನವರೆಗೂ ಅಲುಗಾಡದೆ ಕೇಳಿದರು.

“ಇದು ಅದ್ರಲ್ಲಿ ಇರ್ಲಿಲ್ಲ” ಎಂದರು.

“ಇದೆ ಖಾಲಾ. ಅಚ್ಚಾಗಿದೆ. ಅವ್ರು ಓದ್ತಾ ಇರ್ಲಿಲ್ಲ, ಅಷ್ಟೇ.”

“ಝೂಟ್. ಅಷ್ಟ್ ವರ್ಷ ಪರದಾ ಹಿಂದೆ ಕೂತ್ಕೊಂಡು ಕೇಳಿದ್ದೀನಿ, ನಂಗ್ ಗೊತ್ತಿಲ್ವಾ? ನೀನ್ ಸೇರಿಸ್ದೆ. ಅವ್ರು ಸತ್ರಲ್ಲ, ಅದಕ್ಕೆ ಅವ್ರಿಗೋಸ್ಕರ ಸೇರಿಸ್ದೆ.” ಕೋಪದ ಧ್ವನಿಯಲ್ಲ ಅದು. ಲೆಕ್ಕ ತಪ್ಪಿ ಮಾಡಿದ ಮಗುವಿಗೆ ಹೇಳುವ ಹಾಗೆ ಹೇಳಿದರು. “ಭಾಯ್‌ಸಾಬ್ ಓದೋದ್ರಲ್ಲಿ ಒಂದ್ ಅಕ್ಷರ ತಪ್ತಿರ್ಲಿಲ್ಲ ಬೇಟಿ. ಅವ್ರು ಓದ್ದಂಗೆ ಓದು.”

ಭಾಯ್‌ಸಾಬ್ ಎಂದರು. ಅಷ್ಟು ವರ್ಷದಲ್ಲಿ ವಠಾರದವರ ಬಾಯಲ್ಲಿ ಅವರಿಗೆ ಒಂದು ಕರೆಯುವ ಹೆಸರು ಬಂದದ್ದು ಅದೇ ಮೊದಲು.

ಪುಟವನ್ನು ಅವರ ಕಣ್ಣಿಗೆ ಹಿಡಿದು ತೋರಿಸುವಂತಿಲ್ಲ. ತೋರಿಸಿದರೂ ಕನ್ನಡ ಅಕ್ಷರ ಅವರಿಗೆ ಬಾರದು. ನಾನು ಹಿಂದಕ್ಕೆ ಹೋದೆ. ಪಟ್ಟಣ ಮಲಗಿದ್ದನ್ನು ಮತ್ತೆ ಓದಿದೆ, ಬಾಗಿಲವನು ಮೆಟ್ಟಿಲಿಳಿದದ್ದನ್ನು, ಅಗುಳಿ ಸರಿದದ್ದನ್ನು. ಅಲ್ಲಿಗೆ ಪುಸ್ತಕವನ್ನು ತೊಡೆಗೆ ಬೋರಲು ಹಾಕಿದೆ. ಖಾಲಾ ಪಕ್ಕಕ್ಕೆ ತಿರುಗಿ ಉಗಿದರು, ಡಬ್ಬಿ ಟಣ್ ಎಂದಿತು. ಆಮೇಲೆ ಅದನ್ನು ನನ್ನ ಕಡೆಗೆ ಸರಿಸಿ ಕಾದರು.

ಈ ಸಲ ನಾನೂ ಉಗಿದೆ. ಎರಡು ಹಾಳೆಯನ್ನು ಒಟ್ಟಿಗೆ ಮಗುಚಿ, ಉರಿಯುವ ಕೇರಿಯಿಂದ ಮುಂದಕ್ಕೆ ಓದಿದೆ.